ಬೆಳಕು ದಾಟುತ್ತದೆ, ವಿದ್ಯುತ್ತು ದಾಟದು

ಮಡಕಶಿರದ ಕಡೆಯ ತೋಟಗಳಲ್ಲಾಗಲಿ, ರಾಯದುರ್ಗದ ಸುತ್ತಣ ಹೊಲಗಳಲ್ಲಾಗಲಿ, ಕೊಳವೆ ಬಾವಿಯ ಪಕ್ಕದ ಕಂಬಕ್ಕೆ ತಗಡಿನ ಪೆಟ್ಟಿಗೆಯೊಂದು ತೂಗಿಕೊಂಡಿರುವುದನ್ನು ವಾಚಕರು ನೋಡಿಯೇ ಇರುತ್ತಾರೆ. ಹಿಂದೆ ಅದರೊಳಗೆ ಇರುತ್ತಿದ್ದುದು ಒಂದು ಸ್ಟಾರ್ಟರು, ಮೂರು ಫ್ಯೂಸು ಮತ್ತು ಒಂದೆರಡು ಹಲ್ಲಿ. ಕರೆಂಟು ಬಂದ ಹೊತ್ತಿಗೆ, ಅದು ನಡುರಾತ್ರಿಯಾದರೂ ಸರಿಯೆ, ರೈತನು ಬ್ಯಾಟರಿ ಹಿಡಿದುಕೊಂಡು ಹೊಲಕ್ಕೆ ನಡೆಯಬೇಕಾಗಿತ್ತು. ಈಗ ಹಲವರ ಪೆಟ್ಟಿಗೆಗಳಲ್ಲಿ ‘ಮೊಬೈಲ್ ಸ್ಟಾರ್ಟರ್’ ಬಂದು ಸೇರಿದೆ. ಮನೆಯ ಜಗಲಿಯಲ್ಲಿ ಕುಳಿತು ಫೋನು ಮಾಡಿದರೆ ಮೋಟಾರು ತಿರುಗುತ್ತದೆ. ಕರೆಂಟು ಬಂದರೆ ಪೆಟ್ಟಿಗೆಯೇ ಯಜಮಾನನಿಗೆ ಸುದ್ದಿ ಮುಟ್ಟಿಸುತ್ತದೆ. ಮೂರು ಫೇಸುಗಳಲ್ಲಿ ಒಂದು ಹೋಯಿತೆಂದರೆ ಯಾರ ಅಪ್ಪಣೆಯನ್ನೂ ಕಾಯದೆ ಮೋಟಾರನ್ನು ನಿಲ್ಲಿಸಿಬಿಡುತ್ತದೆ.

ಈ ಅನುಕೂಲಕ್ಕೆ ನಾವೆಲ್ಲ ಬೇಗನೆ ಒಗ್ಗಿಕೊಂಡೆವು. ಅದರೊಳಗಿನ ಸೋಜಿಗವನ್ನು ಮಾತ್ರ ಅಷ್ಟಾಗಿ ಗಮನಿಸಲಿಲ್ಲ. ಮೋಟಾರಿಗೆ ಬರುವ ತಂತಿಗಳ ನಡುವೆ ೪೧೫ ವೋಲ್ಟುಗಳ ಒತ್ತಡವಿರುತ್ತದೆ. ಮನುಷ್ಯನನ್ನು ಕ್ಷಣಾರ್ಧದಲ್ಲಿ ನೆಲಕ್ಕೊರಗಿಸಲು ಅಷ್ಟು ಧಾರಾಳವಾಗಿ ಸಾಕು. ಸಿಮ್ ಕಾರ್ಡು ಕುಳಿತಿರುವ ಭಾಗವಾದರೋ ನಾಲ್ಕು ವೋಲ್ಟಿನ ಆಸುಪಾಸಿನಲ್ಲಿ ಬಾಳುವ ಸುಕುಮಾರ ವಸ್ತು; ಇನ್ನೊಂದೆರಡು ವೋಲ್ಟು ಹೆಚ್ಚಾದರೆ ಅದರ ಆಯುಷ್ಯ ತೀರಿತೆಂದೇ ಲೆಕ್ಕ. ಇವೆರಡೂ ಅಂಗೈಯಗಲದ ಒಂದೇ ಹಲಗೆಯ ಮೇಲೆ ಸಂಸಾರ ಮಾಡಬೇಕು. ದೂರವಿಟ್ಟರೆ ಕೆಲಸ ನಡೆಯದು, ಏಕೆಂದರೆ ಫೇಸುಗಳ ಯೋಗಕ್ಷೇಮ ಸಿಮ್ಮಿನ ಕಡೆಗೆ ತಿಳಿಯಲೇಬೇಕು. ಹತ್ತಿರ ಬಿಟ್ಟರೆ ಸುಟ್ಟು ಕರಕಲು. ಮಡಿಯುಟ್ಟ ಅಜ್ಜಿ ಮೊಮ್ಮಗನೊಡನೆ ಎಷ್ಟು ಬೇಕಾದರೂ ಮಾತನಾಡುತ್ತಾಳೆ, ಮುಟ್ಟಗೊಡಿಸುವುದಿಲ್ಲ. ಇಲ್ಲಿಯೂ ಬೇಕಾಗಿರುವುದು ಅಂಥ ಏರ್ಪಾಡೇ.

ಆ ಏರ್ಪಾಡನ್ನು ನಡೆಸಿಕೊಡುವ ವಸ್ತು ಹುಣಸೆಯ ಬೀಜಕ್ಕಿಂತ ಚಿಕ್ಕದು. ಕಪ್ಪು ಅಥವಾ ಬಿಳಿಯ ಗಟ್ಟಿ ಅಂಟಿನಲ್ಲಿ ಎರಕ ಹೊಯ್ದ ಒಂದು ಚೌಕದ ತುಂಡು, ಅದಕ್ಕೆ ಸಾಮಾನ್ಯವಾಗಿ ನಾಲ್ಕು ಕಾಲು. ಶಾಸ್ತ್ರದ ಮಾತಿನಲ್ಲಿ ದ್ಯುತಿ ಪ್ರತ್ಯೇಕಕ ಎನ್ನಬಹುದು. ರಿಪೇರಿ ಅಂಗಡಿಯವರು ಅಷ್ಟು ತೊಂದರೆ ತೆಗೆದುಕೊಳ್ಳದೆ ‘ಆಪ್ಟೋ’ ಎನ್ನುತ್ತಾರೆ. ಇಂಗ್ಲಿಷಿನಲ್ಲಿ ಇದಕ್ಕೆ ಎರಡು ಹೆಸರುಗಳು ರೂಢಿಯಲ್ಲಿವೆ: ಒಂದು ಆಪ್ಟೋಕಪ್ಲರ್, ಇನ್ನೊಂದು ಆಪ್ಟೋ ಐಸೊಲೇಟರ್. ಮೊದಲನೆಯದರ ಅರ್ಥ ಜೋಡಿಸುವುದು, ಎರಡನೆಯದರ ಅರ್ಥ ಬೇರ್ಪಡಿಸುವುದು. ಒಂದೇ ವಸ್ತುವಿಗೆ ಇಂಥ ಎದುರುಬದುರಾದ ಹೆಸರುಗಳು, ಮತ್ತು ಎರಡೂ ಸರಿ.

೧೯೫೩ರ ಅಕ್ಟೋಬರ್ ಒಂದರಂದು ಬಳ್ಳಾರಿ ಜಿಲ್ಲೆ ಹೋಳಾಗಿ ರಾಯದುರ್ಗ ತಾಲ್ಲೂಕು ಆಂಧ್ರಕ್ಕೆ ಸೇರಿದಾಗ, ಮತ್ತು ೨೦೨೨ರ ಏಪ್ರಿಲ್ ೪ರಂದು ಮಡಕಶಿರವು ಅನಂತಪುರ ಜಿಲ್ಲೆಯನ್ನು ಬಿಟ್ಟು ಶ್ರೀ ಸತ್ಯಸಾಯಿ ಜಿಲ್ಲೆಯ ಪಾಲಾದಾಗ, ಗೆರೆಗಳು ಎಳೆಯಲ್ಪಟ್ಟುವು, ಮದುವೆಯ ಕರೆಯೋಲೆಗಳು ದಾಟುತ್ತಲೇ ಇದ್ದುವು. ಜೋಡಣೆ ಮತ್ತು ಬೇರ್ಪಡೆ ಒಟ್ಟೊಟ್ಟಿಗೆ ಇರಬಲ್ಲವೆಂಬುದನ್ನು ಗಡಿಯ ಜನಕ್ಕೆ ಬೇರೆಯವರು ಬಂದು ವಿವರಿಸಬೇಕಾಗಿಲ್ಲ. ನಾವು ನಮ್ಮ ವಿಷಯಕ್ಕೆ ಮರಳೋಣ.

ಒಳಗೇನಿದೆ?

ಆಪ್ಟೋವಿನ ಒಂದು ಬದಿಯಲ್ಲಿ ಗ್ಯಾಲಿಯಂ ಆರ್ಸೆನೈಡ್ ಎಂಬ ಅರೆವಾಹಕದಿಂದ ಮಾಡಿದ ಪುಟ್ಟ ದೀಪವಿದೆ. ನಮ್ಮ ಮನೆಗಳ ಎಲ್.ಇ.ಡಿ. ಬಲ್ಬಿನ ಬಳಗದ್ದೇ, ಆದರೆ ಅದು ಸೂಸುವುದು ಕಣ್ಣಿಗೆ ಕಾಣದ ಅವಕೆಂಪು ಕಿರಣವನ್ನು. ಎದುರಿನ ಬದಿಯಲ್ಲಿ ಸಿಲಿಕಾನಿನ ಒಂದು ಫೋಟೊ ಟ್ರಾನ್ಸಿಸ್ಟರ್, ಎಂದರೆ ಬೆಳಕು ಬಿದ್ದಾಗ ಎಚ್ಚೆತ್ತು ವಿದ್ಯುತ್ತಿಗೆ ದಾರಿ ಬಿಡುವ, ಕತ್ತಲಾದಾಗ ಬಾಗಿಲು ಮುಚ್ಚುವ ಕಾವಲುಗಾರ. ಇವೆರಡರ ನಡುವೆ ಪಾರದರ್ಶಕವಾದ ನಿರೋಧಕ ಅಂಟು. ದೀಪದ ಕಾಲುಗಳಿಗೂ ಟ್ರಾನ್ಸಿಸ್ಟರಿನ ಕಾಲುಗಳಿಗೂ ಒಳಗೆ ಲೋಹದ ಸಂಬಂಧ ಎಳ್ಳಷ್ಟೂ ಇಲ್ಲ.

ಅನಂತಪುರದ ಸೀಮೆಯಲ್ಲಿಯೂ ಬಳ್ಳಾರಿಯ ಸೀಮೆಯಲ್ಲಿಯೂ ತೊಗಲುಗೊಂಬೆಯಾಟ ನೋಡಿದವರಿಗೆ ಇದನ್ನು ಮನಸ್ಸಿಗೆ ತಂದುಕೊಳ್ಳುವುದು ಸುಲಭ. ಪರದೆಯ ಹಿಂದೆ ದೀಪ, ಮುಂದೆ ಪ್ರೇಕ್ಷಕರು. ರಾವಣನ ಹತ್ತು ತಲೆಯೂ ಹನುಮಂತನ ಬಾಲವೂ ಪರದೆ ದಾಟಿ ಬರುತ್ತವೆ. ಗೊಂಬೆಯೂ ಬರುವುದಿಲ್ಲ, ದೀಪದ ಎಣ್ಣೆಯೂ ಬರುವುದಿಲ್ಲ.

ಸಾಮಾನ್ಯವಾಗಿ ಸಿಕ್ಕುವ ೮೧೭ ಎಂಬ ಸಂಖ್ಯೆಯ ಆಪ್ಟೋವನ್ನು ತೆಗೆದುಕೊಂಡರೆ, ಅದರ ದೀಪ ಹೊತ್ತಲು ಸುಮಾರು ೧.೨ ವೋಲ್ಟು ಮತ್ತು ಕೆಲವೇ ಮಿಲಿಆಂಪಿಯರುಗಳಷ್ಟು ವಿದ್ಯುತ್ತು ಸಾಕು. ಸುದ್ದಿ ಮುಟ್ಟಲು ಬೇಕಾದ ಕಾಲವು ಸೆಕೆಂಡಿನ ಲಕ್ಷದಲ್ಲೊಂದು ಪಾಲಿನ ಲೆಕ್ಕದ್ದು. ದೀಪದ ಬದಿಗೂ ಟ್ರಾನ್ಸಿಸ್ಟರಿನ ಬದಿಗೂ ನಡುವೆ ೫,೦೦೦ ವೋಲ್ಟುಗಳನ್ನು ಒಂದು ನಿಮಿಷ ಕಾಲ ಹೇರಿದರೂ ಅದು ಜಗ್ಗುವುದಿಲ್ಲವೆಂದು ತಯಾರಕರು ಪರೀಕ್ಷಿಸಿ ಬರೆದುಕೊಡುತ್ತಾರೆ. ಅದರ ಬೆಲೆ ಕೆಲವೇ ರೂಪಾಯಿ.

ಇದರ ವಂಶಾವಳಿ ಬಹಳ ಹಳೆಯದಲ್ಲ. ಗ್ಯಾಲಿಯಂ ಆರ್ಸೆನೈಡ್ ಡಯೋಡು ಅವಕೆಂಪು ಬೆಳಕು ಸೂಸುವುದನ್ನು ಅಮೆರಿಕದ ಟೆಕ್ಸಾಸ್ ಇನ್ಸ್ಟ್ರುಮೆಂಟ್ಸ್ ಸಂಸ್ಥೆಯಲ್ಲಿ ಬಿಯಾರ್ಡ್ ಮತ್ತು ಪಿಟ್‌ಮನ್ ಎಂಬವರು ೧೯೬೧ರಲ್ಲಿ ಗುರುತಿಸಿದರು. ಅಂಥ ದೀಪವನ್ನೂ ಅರೆವಾಹಕದ ಕಣ್ಣನ್ನೂ ಎದುರುಬದುರು ಕೂರಿಸಿ ಎರಡು ಮಂಡಲಗಳನ್ನು ಬೇರ್ಪಡಿಸುವ ಉಪಾಯಕ್ಕೆ ಅಲ್ಲಿಯೇ ೧೯೬೩ರಲ್ಲಿ ಹಕ್ಕುಪತ್ರಕ್ಕಾಗಿ ಅರ್ಜಿ ಬಿದ್ದು, ೧೯೬೮ರಲ್ಲಿ ಅದು ಮಂಜೂರಾಯಿತು.

ಕೊಳವೆ ಬಾವಿಯ ಪೆಟ್ಟಿಗೆಯಲ್ಲಿ

ಮೊಬೈಲ್ ಸ್ಟಾರ್ಟರಿನಲ್ಲಿ ಪ್ರತಿ ಫೇಸಿಗೂ ಒಂದರಂತೆ ಮೂರು ಆಪ್ಟೋಗಳನ್ನು ಕೂರಿಸಿರುವುದುಂಟು. ಫೇಸಿನ ತಂತಿಯಿಂದ ಬರುವ ವಿದ್ಯುತ್ತನ್ನು ದೊಡ್ಡ ರೋಧಕಗಳ ಮೂಲಕ ಹಾಯಿಸಿ, ಅದರ ಸೊಕ್ಕನ್ನೆಲ್ಲ ಇಳಿಸಿ, ಎರಡು ಮೂರು ಮಿಲಿಆಂಪಿಯರಿಗೆ ತಂದು ದೀಪಕ್ಕೆ ಉಣಿಸುತ್ತಾರೆ. ನಮ್ಮ ವಿದ್ಯುತ್ತು ಸೆಕೆಂಡಿಗೆ ೫೦ ಸಲ ಹಿಂದುಮುಂದಾಗುವುದರಿಂದ ದೀಪವೂ ಸೆಕೆಂಡಿಗೆ ೫೦ ಸಲ ಮಿಣುಕುತ್ತದೆ. ಎದುರಿನ ಬದಿಯಲ್ಲಿರುವ ಪುಟ್ಟ ಗಣಕವು ಈ ಮಿಣುಕುಗಳನ್ನು ಎಣಿಸುತ್ತ ಕುಳಿತಿರುತ್ತದೆ. ಒಂದು ದೀಪ ಮಿಣುಕುವುದು ನಿಂತಿತೋ, ಆ ಫೇಸು ಹೋಯಿತೆಂದು ತಿಳಿಯಿತು.

ಎಣಿಕೆಯೊಂದೇ ಆಗಿದ್ದರೆ ಅಷ್ಟು ಹೇಳಿ ಮುಗಿಸಬಹುದಾಗಿತ್ತು. ಮೂರು ಫೇಸುಗಳು ಒಟ್ಟಿಗೆ ಮಿಣುಕುವುದಿಲ್ಲ. ಒಂದರ ಹಿಂದೆ ಒಂದು, ಸೆಕೆಂಡಿನ ೧೫೦ರಲ್ಲಿ ಒಂದು ಪಾಲಿನಷ್ಟು ತಡೆದು ಬರುತ್ತವೆ. ಯಾವುದು ಮೊದಲು, ಯಾವುದು ಆಮೇಲೆ ಎಂಬ ಸರದಿಯೇ ಮೋಟಾರು ಯಾವ ದಿಕ್ಕಿಗೆ ತಿರುಗಬೇಕೆಂಬುದನ್ನು ನಿರ್ಧರಿಸುವುದು. ಟ್ರಾನ್ಸ್‌ಫಾರ್ಮರಿನ ಬಳಿ ದುರಸ್ತಿ ಮಾಡುವಾಗ ಎರಡು ತಂತಿಗಳು ಅದಲುಬದಲಾದರೆ ಪಂಪು ಉಲ್ಟಾ ತಿರುಗುತ್ತದೆ. ಸದ್ದು ಬರುತ್ತದೆ, ನೀರು ಮಾತ್ರ ಬೇಕಾದಷ್ಟು ಬಾರದು. ಸರದಿ ತಪ್ಪಿರುವುದನ್ನು ಪೆಟ್ಟಿಗೆಯ ಗಣಕವು ಮೋಟಾರು ಶುರುವಾಗುವ ಮೊದಲೇ ಕಂಡುಕೊಳ್ಳುತ್ತದೆ. ಕಂಡುಕೊಳ್ಳಲು ಅದಕ್ಕೆ ಬೇಕಾದುದು ಮೂರು ಮಿಣುಕುಗಳ ಸರದಿಯಷ್ಟೆ, ೪೧೫ ವೋಲ್ಟಿನ ನೆಂಟಸ್ತಿಕೆ ಬೇಕಾಗಿಲ್ಲ.

ಒಂದು ಎಚ್ಚರಿಕೆಯ ಮಾತನ್ನು ಇಲ್ಲಿಯೇ ಹೇಳಬೇಕು. ತಿರುಗುತ್ತಿರುವ ಮೋಟಾರಿನ ಒಂದು ಫೇಸು ಕಡಿದುಹೋದರೆ, ಆ ಖಾಲಿ ತಂತಿಯಲ್ಲಿ ಮೋಟಾರೇ ಒಂದಿಷ್ಟು ವಿದ್ಯುತ್ತನ್ನು ಹುಟ್ಟಿಸಿ ನಿಲ್ಲಿಸುತ್ತದೆ. ದೀಪ ಮಿಣುಕುತ್ತಲೇ ಇರಬಹುದು, ಸುರುಳಿ ಮಾತ್ರ ಒಳಗೊಳಗೆ ಬೇಯುತ್ತಿರಬಹುದು. ಆದಕಾರಣ ಒಳ್ಳೆಯ ಸ್ಟಾರ್ಟರುಗಳು ವೋಲ್ಟೇಜಿನ ಜೊತೆಗೆ ಪ್ರತಿ ತಂತಿಯ ಆಂಪಿಯರನ್ನೂ ಅಳೆಯುತ್ತವೆ. ವರ್ಷಕ್ಕೆ ಸುಮಾರು ೫೫೦ ಮಿಲಿಮೀಟರ್ ಮಳೆ ಬೀಳುವ ಸೀಮೆ ನಮ್ಮದು. ನೂರಾರು ಅಡಿ ಆಳದಿಂದ ಮೋಟಾರನ್ನು ಮೇಲೆತ್ತಿಸಿ, ಸುರುಳಿ ಕಟ್ಟಿಸಿ, ಮತ್ತೆ ಇಳಿಸುವುದೆಂದರೆ ಕೈಯ ಹಣವೂ ಹೋಗುತ್ತದೆ, ಆ ನಾಲ್ಕಾರು ದಿನಗಳಲ್ಲಿ ಹಿಪ್ಪುನೇರಳೆಯ ಸೊಪ್ಪೂ ಬಾಡುತ್ತದೆ, ತಟ್ಟೆಯಲ್ಲಿನ ರೇಷ್ಮೆಹುಳುವೂ ಉಪವಾಸ ಬೀಳುತ್ತದೆ. ಸ್ಟಾರ್ಟರು ಕೊಳ್ಳುವಾಗ ಆಂಪಿಯರನ್ನು ನೋಡುತ್ತದೆಯೇ ಎಂದು ಅಂಗಡಿಯಲ್ಲಿ ಒಂದು ಮಾತು ಕೇಳುವುದು ಮೇಲು.

ರೇಡಿಯೋದ ಮೇಣ

ಆಪ್ಟೋ ಇಲ್ಲದ ಕಾಲ ಹೇಗಿತ್ತೆಂಬುದನ್ನು ನಮ್ಮ ಹಿರಿಯರು ತಮ್ಮ ಬೆರಳುಗಳಿಂದಲೇ ಬಲ್ಲರು. ೧೯೫೦ರಲ್ಲಿ ಧಾರವಾಡದಲ್ಲಿಯೂ ೧೯೫೫ರಲ್ಲಿ ಬೆಂಗಳೂರಿನಲ್ಲಿಯೂ ಆಕಾಶವಾಣಿ ಕೇಂದ್ರಗಳು ಆರಂಭವಾದವು. ಮನೆಯ ಗೂಡಿನಲ್ಲಿ ವಾಲ್ವ್ ರೇಡಿಯೋ ಇದ್ದವರು ಊರಿಗೇ ದೊಡ್ಡವರೆನಿಸಿದ್ದ ಕಾಲವದು. ಆ ರೇಡಿಯೋಗಳಲ್ಲಿ ಅಗ್ಗದ ಒಂದು ಜಾತಿ ಇತ್ತು. ಭಾರದ ಟ್ರಾನ್ಸ್‌ಫಾರ್ಮರನ್ನು ಉಳಿಸಿ, ಗೋಡೆಯ ವಿದ್ಯುತ್ತಿನ ಒಂದು ತಂತಿಯನ್ನು ನೇರವಾಗಿ ಒಳಗಿನ ಲೋಹದ ಚೌಕಟ್ಟಿಗೇ ಕೂಡಿಸಿರುತ್ತಿದ್ದರು. ಪ್ಲಗ್ಗನ್ನು ಒಂದು ಕಡೆಯಿಂದ ಚುಚ್ಚಿದರೆ ಚೌಕಟ್ಟು ಸಾಧು. ತಿರುಗಿಸಿ ಚುಚ್ಚಿದರೆ ೨೩೦ ವೋಲ್ಟು. ಗುಂಡಿ ಹಿಡಿದು ನಿಲ್ದಾಣ ತಿರುಗಿಸುವವರ ಬೆರಳಿಗೆ ಗುಂಡಿಯ ಚಿಕ್ಕ ತಿರುಪು ತಾಗಬಾರದೆಂದು ಆ ತಿರುಪಿನ ತೂತನ್ನು ಮೇಣದಿಂದ ತುಂಬುತ್ತಿದ್ದರು. ಮೇಣ ಉದುರಿದ ರೇಡಿಯೋ ಹಾಡಿನ ಜೊತೆಗೆ ಬೇರೆಯದನ್ನೂ ಕೊಡುತ್ತಿತ್ತು.

ತರುವಾಯ ಬಂದ ಟೆಲಿವಿಷನ್ನುಗಳಲ್ಲಿ ಹಲವು ಮಾದರಿಗಳು ಇದೇ ಚಾಳಿಯವು. ಅಂಥ ಪೆಟ್ಟಿಗೆಯ ಬೆನ್ನಿಗೆ ವಿಡಿಯೋ ಯಂತ್ರದ ತಂತಿಯನ್ನು ನೇರವಾಗಿ ಚುಚ್ಚುವಂತಿರಲಿಲ್ಲ, ಏಕೆಂದರೆ ಮನೆಯವರು ಮುಟ್ಟುವ ತಂತಿಗೆ ಗೋಡೆಯ ವಿದ್ಯುತ್ತು ಬಂದುಬಿಡುತ್ತಿತ್ತು. ಹೊರಗಿನ ಯಂತ್ರಗಳನ್ನು ಕೂಡಿಸುವ ರಂಧ್ರಗಳು ಟಿ.ವಿ.ಯ ಬೆನ್ನಿನಲ್ಲಿ ಕಾಣಿಸಿಕೊಳ್ಳಬೇಕಾದರೆ ಒಳಗಿನ ಎರಡು ಲೋಕಗಳು ಬೇರೆ ಬೇರೆಯಾಗಬೇಕಾಯಿತು. ಆ ಬೇರ್ಪಡೆಯಲ್ಲಿ ಶಕ್ತಿಯನ್ನು ದಾಟಿಸಲು ಚಿಕ್ಕ ಟ್ರಾನ್ಸ್‌ಫಾರ್ಮರು, ಸುದ್ದಿಯನ್ನು ದಾಟಿಸಲು ಆಪ್ಟೋ. ಈ ಜೋಡಿ ಇಂದು ಎಲ್ಲರ ಮನೆಯಲ್ಲಿಯೂ ಉಂಟು.

ಮಗುವಿನ ಕೈಗೆ ಬರುವ ತಂತಿ

ಈ ಲೇಖನದಲ್ಲಿ ನಮ್ಮ ಗೃಹಿಣಿಯರು ಒಂದೇ ಭಾಗವನ್ನು ಓದುವುದಾದರೆ ಇದನ್ನು ಓದಲಿ ಎಂದು ನಮ್ಮ ಕೋರಿಕೆ.

ಮೊಬೈಲ್ ಫೋನಿನ ಚಾರ್ಜರು ಗೋಡೆಯ ೨೩೦ ವೋಲ್ಟನ್ನು ಒಳಗೆ ಮೊದಲು ೩೨೫ರಷ್ಟು ನೇರ ವಿದ್ಯುತ್ತಾಗಿ ಮಾಡಿಕೊಳ್ಳುತ್ತದೆ. ಬಳಿಕ ಅದನ್ನು ಸೆಕೆಂಡಿಗೆ ಹತ್ತಾರು ಸಾವಿರ ಸಲ ತುಂಡರಿಸಿ, ಬೆರಳ ತುದಿಯಷ್ಟಿರುವ ಟ್ರಾನ್ಸ್‌ಫಾರ್ಮರಿನ ಮೂಲಕ ಆಚೆಗೆ ಕಳುಹಿಸಿ, ಐದು ವೋಲ್ಟಾಗಿ ಕೊಡುತ್ತದೆ. ಆಚೆ ಬದಿಯಲ್ಲಿ ಸರಿಯಾಗಿ ಐದೇ ಇದೆಯೇ, ಹೆಚ್ಚಾಯಿತೇ, ಕಡಿಮೆಯಾಯಿತೇ ಎಂಬ ವರದಿ ಈಚೆಗೆ ಮರಳಿ ಬರಬೇಕಲ್ಲವೇ? ಹಲವು ಚಾರ್ಜರುಗಳಲ್ಲಿ ಆ ವರದಿಯನ್ನು ತರುವುದು ಆಪ್ಟೋವಿನ ಪುಟ್ಟ ದೀಪ. ಆಚೆ ವೋಲ್ಟೇಜು ಏರಿದರೆ ದೀಪ ಪ್ರಖರವಾಗುತ್ತದೆ, ಈಚೆಯ ಯಂತ್ರ ಕೈ ಸಡಿಲಿಸುತ್ತದೆ. ಕೆಲವು ಹೊಸ ಮಾದರಿಗಳು ಆಪ್ಟೋ ಇಲ್ಲದೆ ಟ್ರಾನ್ಸ್‌ಫಾರ್ಮರಿನ ಸುರುಳಿಯಿಂದಲೇ ವೋಲ್ಟೇಜನ್ನು ಊಹಿಸಿಕೊಳ್ಳುತ್ತವೆ. ಅದರಲ್ಲಿ ತಪ್ಪೇನೂ ಇಲ್ಲ. ಎರಡು ಬದಿಗಳ ನಡುವೆ ಲೋಹದ ದಾರಿ ಇರಕೂಡದೆಂಬ ನಿಯಮ ಮಾತ್ರ ಎಲ್ಲಕ್ಕೂ ಒಂದೇ.

ಒಳ್ಳೆಯ ಚಾರ್ಜರನ್ನು ಬಿಚ್ಚಿದರೆ ಹಲಗೆಯ ಮೇಲೆ ಈ ಎರಡು ಬದಿಗಳ ನಡುವೆ ಸುಮಾರು ಆರು ಮಿಲಿಮೀಟರಿನ ಬರಿನೆಲ ಕಾಣಿಸುತ್ತದೆ. ತಾಮ್ರದ ಗೆರೆ ಯಾವುದೂ ಅಲ್ಲಿಗೆ ಕಾಲಿಡುವುದಿಲ್ಲ. ಆಪ್ಟೋ ಆ ಬಯಲಿನ ಎರಡು ದಡಗಳಲ್ಲಿ ಕಾಲೂರಿ ಸೇತುವೆಯಂತೆ ನಿಂತಿರುತ್ತದೆ. ಅನೇಕ ಕಡೆ ಅದರ ಹೊಟ್ಟೆಯ ಕೆಳಗೆ ಹಲಗೆಯನ್ನೇ ಸೀಳಿ ಉದ್ದನೆಯ ಕಂಡಿ ಕೊರೆದಿರುತ್ತಾರೆ. ಧೂಳೂ ತೇವವೂ ಸೇರಿ ವಿದ್ಯುತ್ತಿಗೆ ಕಾಲುದಾರಿ ಆಗಬಾರದೆಂದು ಆ ಕಂಡಿ. ಸಂತೆಯಲ್ಲಿ ರಾಶಿ ಹಾಕಿ ಮಾರುವ ಹೆಸರಿಲ್ಲದ ಚಾರ್ಜರುಗಳಲ್ಲಿ ಜಾಗ ಉಳಿಸಲೆಂದು ಈ ಬಯಲನ್ನೇ ಒತ್ತುವರಿ ಮಾಡಿರುತ್ತಾರೆ. ಎರಡು ದಡಗಳ ನಡುವೆ ಇರಬೇಕಾದ ಸುರಕ್ಷತೆಯ ಕೆಪ್ಯಾಸಿಟರಿನ ಬದಲು ಸಾಮಾನ್ಯ ಕೆಪ್ಯಾಸಿಟರನ್ನು ಹಾಕಿರುವುದೂ ಉಂಟು. ಅದು ಒಂದು ದಿನ ಒಳಗೇ ಸುಟ್ಟು ಕೂಡಿಕೊಂಡಿತೆಂದರೆ ಫೋನಿನ ಲೋಹದ ಅಂಚಿಗೂ ಗೋಡೆಯ ಪ್ಲಗ್ಗಿಗೂ ವ್ಯತ್ಯಾಸ ಉಳಿಯುವುದಿಲ್ಲ. ಮಗು ಆ ತಂತಿಯ ತುದಿಯನ್ನು ಬಾಯಿಗಿಟ್ಟುಕೊಳ್ಳುತ್ತದೆ ಎಂಬುದನ್ನು ನೆನೆದರೆ ಸಾಕು, ಐವತ್ತು ರೂಪಾಯಿಯ ಉಳಿತಾಯದ ಬೆಲೆ ತಿಳಿಯುತ್ತದೆ.

ಸರಿಯಾದ ಚಾರ್ಜರಿನಲ್ಲಿಯೂ ಫೋನಿನ ಲೋಹವನ್ನು ಸವರಿದಾಗ ಒಮ್ಮೊಮ್ಮೆ ಜುಮುಜುಮು ಎನ್ನುವುದುಂಟು. ಅದು ಸುರಕ್ಷತೆಯ ಕೆಪ್ಯಾಸಿಟರಿನ ಮೂಲಕ ನುಸುಳುವ ಅತ್ಯಲ್ಪ ವಿದ್ಯುತ್ತು, ಅದಕ್ಕೆ ಹೆದರಬೇಕಾಗಿಲ್ಲ. ಬೆರಳು ಚಿಮ್ಮುವಷ್ಟು ಹೊಡೆದರೆ ಆ ಚಾರ್ಜರನ್ನು ಅಂದೇ ಕಸಕ್ಕೆ ಹಾಕಬೇಕು, ಮನೆಗೆಲಸದವರಿಗೆ ದಾನ ಮಾಡಕೂಡದು. ಕೊಳ್ಳುವಾಗ ಭಾರತೀಯ ಮಾನಕ ಬ್ಯೂರೋದ ನೋಂದಣಿ ಗುರುತು, ಐ.ಎಸ್. ಸಂಖ್ಯೆ ಮತ್ತು ಆರ್ ಅಕ್ಷರದಿಂದ ಮೊದಲಾಗುವ ನೋಂದಣಿ ಸಂಖ್ಯೆ ಇವೆಯೇ ಎಂದು ಕನ್ನಡಕ ಹಾಕಿಕೊಂಡು ನೋಡಬೇಕು. ಅಕ್ಷರ ಅಷ್ಟು ಸಣ್ಣದಾಗಿರುತ್ತದೆ.

ಆಸ್ಪತ್ರೆಯ ಇ.ಸಿ.ಜಿ. ಯಂತ್ರದಲ್ಲಿ ಇದೇ ವಿಚಾರ ಇನ್ನಷ್ಟು ಕಟ್ಟುನಿಟ್ಟು. ಎದೆಗೆ ಅಂಟನ್ನು ಸವರಿ ತಂತಿಗಳನ್ನು ಕೂಡಿಸಿದ ಮೇಲೆ ಚರ್ಮದ ಸ್ವಾಭಾವಿಕ ಅಡ್ಡಗೋಡೆ ಬಹುಮಟ್ಟಿಗೆ ಇಲ್ಲದಂತಾಗುತ್ತದೆ. ಹೃದಯಕ್ಕೇ ತಾಗುವ ಉಪಕರಣಗಳಲ್ಲಿ ಸಾಮಾನ್ಯ ಸ್ಥಿತಿಯಲ್ಲಿ ರೋಗಿಯ ಮೈಗೆ ಹರಿಯಬಹುದಾದ ವಿದ್ಯುತ್ತಿಗೆ ಅಂತಾರಾಷ್ಟ್ರೀಯ ನಿಯಮವು ಹಾಕಿರುವ ಮಿತಿ ಹತ್ತು ಮೈಕ್ರೊಆಂಪಿಯರು, ಎಂದರೆ ಒಂದು ಆಂಪಿಯರಿನ ಲಕ್ಷದಲ್ಲೊಂದು ಪಾಲು. ಆದುದರಿಂದ ರೋಗಿಯ ಬದಿಯನ್ನು ಯಂತ್ರದ ಉಳಿದ ಭಾಗದಿಂದ ಬೇರ್ಪಡಿಸಿ, ಎದೆಬಡಿತದ ಸುದ್ದಿಯನ್ನು ಮಾತ್ರ ಬೆಳಕಿನಿಂದಲೋ ಅಂಥ ಬೇರೆ ಉಪಾಯದಿಂದಲೋ ದಾಟಿಸುತ್ತಾರೆ.

ಜಾತ್ರೆಯ ಆರ್ಕೆಸ್ಟ್ರಾಗಳ ಕೀಬೋರ್ಡಿನ ಬೆನ್ನಿನಲ್ಲಿ ಐದು ರಂಧ್ರಗಳ ದುಂಡನೆಯ ಕೊಂಡಿಯೊಂದಿರುತ್ತದೆ. ವಾದ್ಯವಾದ್ಯಗಳ ನಡುವೆ ಮಾತುಕತೆಗಾಗಿ ೧೯೮೩ರಲ್ಲಿ ಬಂದ ‘ಮಿಡಿ’ ಎಂಬ ಏರ್ಪಾಡು ಅದು. ಸುದ್ದಿ ಪಡೆಯುವ ವಾದ್ಯದ ಬಾಗಿಲಲ್ಲಿ ಆಪ್ಟೋ ಇರಲೇಬೇಕೆಂದು ಆಗಲೇ ವಿಧಿಸಿದರು. ಇಲ್ಲವಾದರೆ ಧ್ವನಿವರ್ಧಕದಲ್ಲಿ ಜೀರುಂಡೆಯಂತೆ ಗುಂಯ್‌ಗುಟ್ಟುವ ಸದ್ದು ಸೇರಿಕೊಳ್ಳುತ್ತದೆ.

ಒಣ ನೆಲ ಮತ್ತು ಸಿಡಿಲು

ಆ ಗುಂಯ್‌ಗುಟ್ಟುವಿಕೆಯ ಮೂಲ ನೆಲದಲ್ಲಿದೆ, ಮತ್ತು ಇದು ನಮ್ಮ ಸೀಮೆಗೆ ವಿಶೇಷವಾಗಿ ಅನ್ವಯಿಸುವ ಸಂಗತಿ. ಭೂಮಿ ಎಲ್ಲ ಕಡೆಯೂ ಒಂದೇ, ಅದರ ವೋಲ್ಟೇಜು ಎಲ್ಲೆಡೆಯೂ ಸೊನ್ನೆ ಎಂದು ನಾವು ಶಾಲೆಯಲ್ಲಿ ಕಲಿತಿದ್ದೇವೆ. ವಾಸ್ತವವಾಗಿ ಹಾಗಿಲ್ಲ. ಬಾವಿಯ ಬಳಿ ಹೂತ ಅರ್ತಿಗೂ ಮನೆಯ ಬಳಿ ಹೂತ ಅರ್ತಿಗೂ ನಡುವೆ ಸಾಮಾನ್ಯ ದಿನಗಳಲ್ಲಿಯೂ ಒಂದೆರಡು ವೋಲ್ಟು ವ್ಯತ್ಯಾಸ ಇರಬಹುದು. ಎರಡನ್ನೂ ಒಂದು ಸುದ್ದಿಯ ತಂತಿಯಿಂದ ಕೂಡಿಸಿದರೆ ಆ ವ್ಯತ್ಯಾಸವು ತಂತಿಯಲ್ಲಿ ಹರಿಯತೊಡಗುತ್ತದೆ. ಒಣನೆಲದಲ್ಲಿ ಅರ್ತಿಯ ಹಿಡಿತ ಸಡಿಲವಾದುದರಿಂದ ವ್ಯತ್ಯಾಸವೂ ಹೆಚ್ಚು.

ಸಿಡಿಲು ಬಿದ್ದ ದಿನ ಇದು ಭೀಕರವಾಗುತ್ತದೆ. ಸಿಡಿಲೊಂದರಲ್ಲಿ ಹರಿಯುವ ವಿದ್ಯುತ್ತು ಸಾಮಾನ್ಯವಾಗಿ ೩೦,೦೦೦ ಆಂಪಿಯರಿನಷ್ಟು. ಬಾವಿಯ ಅರ್ತಿಯ ರೋಧವು ಐದು ಓಮ್ ಇದ್ದಲ್ಲಿ, ಅಷ್ಟೂ ವಿದ್ಯುತ್ತು ಅದರ ಮೂಲಕ ಇಳಿದರೆ, ಆ ಕ್ಷಣಕ್ಕೆ ಬಾವಿಯ ‘ಸೊನ್ನೆ’ಯು ದೂರದ ನೆಲಕ್ಕಿಂತ ೧,೫೦,೦೦೦ ವೋಲ್ಟು ಮೇಲೇರುತ್ತದೆ. ಐದು ಸಾವಿರಕ್ಕೆ ಪರೀಕ್ಷೆಯಾದ ಆಪ್ಟೋ ಅದರೆದುರು ಏನು ಮಾಡೀತು? ಸಿಡಿಲಿಗೆ ಆಪ್ಟೋ ರಾಮಬಾಣವೆಂದು ಹೇಳುವ ಮಾರಾಟಗಾರನ ಮಾತನ್ನು ನಂಬಬೇಕಾಗಿಲ್ಲ. ಮೊದಲು ಸಿಡಿಲು ತಡೆಯುವ ಸಾಧನವು ಹೊಡೆತದ ಬಹುಪಾಲನ್ನು ನೆಲಕ್ಕಿಳಿಸಬೇಕು. ಅಳಿದುಳಿದ ಕೆಲವು ಸಾವಿರ ವೋಲ್ಟುಗಳನ್ನು ಆಪ್ಟೋ ತಡೆದೀತು. ದೂರದ ಸಿಡಿಲು, ಮೋಟಾರು ನಿಂತಾಗಿನ ಜಿಗಿತ, ತಂತಿ ತಂತಿ ತಾಗಿದಾಗಿನ ಏರಿಳಿತ, ಇಂಥ ದಿನನಿತ್ಯದ ಹೊಡೆತಗಳಲ್ಲಿ ಅದರ ಉಪಕಾರ ದೊಡ್ಡದು. ನೆತ್ತಿಯ ಮೇಲೆಯೇ ಬಿದ್ದ ಸಿಡಿಲಿಗೆ ಯಾವ ಆಪ್ಟೋವೂ ಅಡ್ಡ ನಿಲ್ಲದು. ಅರ್ತಿಯ ಗುಂಡಿಗೆ ಇದ್ದಿಲು, ಉಪ್ಪು ಹಾಕಿಸಿ, ಬೇಸಗೆಯಲ್ಲಿ ಕೊಡದಷ್ಟು ನೀರು ಹೊಯ್ಯುವ ಹಳೆಯ ಪದ್ಧತಿಯನ್ನು ಬಿಡಬಾರದು.

ರಾಯದುರ್ಗದಲ್ಲಿ ಜೀನ್ಸ್ ಹೊಲಿಯುವ ಕೆಲಸ ಮನೆಮನೆಗೂ ಹಬ್ಬಿದೆ. ಅಲ್ಲಿಯ ಹೊಸ ಹೊಲಿಗೆ ಯಂತ್ರಗಳಲ್ಲಿ ಹಳೆಯ ದಪ್ಪ ಮೋಟಾರಿನ ಬದಲು ಸರ್ವೊ ಮೋಟಾರು ಬಂದಿದೆ. ಕಾಲು ಒತ್ತಿದಷ್ಟೇ ತಿರುಗುತ್ತದೆ, ಬಿಟ್ಟರೆ ನಿಲ್ಲುತ್ತದೆ, ಕರೆಂಟೂ ಉಳಿಯುತ್ತದೆ. ಮೋಟಾರಿನ ಪೆಟ್ಟಿಗೆಯೊಳಗೆ ೩೨೫ ವೋಲ್ಟು, ಹೆಣ್ಣುಮಕ್ಕಳ ಕಾಲಿನ ಕೆಳಗಿನ ಪೆಡಲಿನಲ್ಲಿ ಐದು ವೋಲ್ಟು. ಇವುಗಳ ನಡುವೆ ಯಾರಿದ್ದಾರೆಂಬುದನ್ನು ಇನ್ನು ನಾವು ಹೇಳಬೇಕಾಗಿಲ್ಲ. ಇಲ್ಲಿ ಅದರ ಇನ್ನೊಂದು ಉಪಯೋಗವೂ ಉಂಟು: ಸೆಕೆಂಡಿಗೆ ಸಾವಿರಾರು ಸಲ ಕತ್ತರಿಸಲ್ಪಡುವ ವಿದ್ಯುತ್ತಿನ ಗದ್ದಲವು ಪೆಡಲಿನ ಸೂಕ್ಷ್ಮ ಸುದ್ದಿಯೊಳಗೆ ಬೆರೆತು, ಸೂಜಿಯು ಹೇಳದೆ ಕೇಳದೆ ಹಾರಿ ಬೆರಳಿಗೆ ಚುಚ್ಚದಂತೆ ನೋಡಿಕೊಳ್ಳುವುದು.

ಮಡಕಶಿರದ ನೆರೆಯ ಪಾವಗಡದಲ್ಲಿ, ಐದು ಊರುಗಳ ಸುಮಾರು ೧೩,೦೦೦ ಎಕರೆ ಜಮೀನಿನಲ್ಲಿ, ೨,೦೫೦ ಮೆಗಾವಾಟಿನ ಸೌರ ವಿದ್ಯುತ್ ಉದ್ಯಾನವು ೨೦೧೯ರ ಕೊನೆಗೆ ಪೂರ್ತಿಯಾಯಿತು. ಸೂರ್ಯನ ನೇರ ವಿದ್ಯುತ್ತನ್ನು ಹಿಂದುಮುಂದಾಗುವ ವಿದ್ಯುತ್ತಾಗಿ ಮಾಡುವ ಇನ್ವರ್ಟರುಗಳಲ್ಲಿ ದೊಡ್ಡ ಟ್ರಾನ್ಸಿಸ್ಟರುಗಳು ನೂರಾರು ವೋಲ್ಟುಗಳ ನಡುವೆ ಮೇಲೆ ಕೆಳಗೆ ಜಿಗಿಯುತ್ತಿರುತ್ತವೆ. ಅವಕ್ಕೆ ಅಪ್ಪಣೆ ಕೊಡುವವರು ಅವುಗಳ ಜೊತೆಗೆ ಜಿಗಿಯಲಾರರು. ಅಪ್ಪಣೆ ಬೇರ್ಪಟ್ಟ ದಾರಿಯಲ್ಲಿಯೇ ಹೋಗಬೇಕು. ಇಲ್ಲಿ ಬೆಳಕಿನ ಏಕಸ್ವಾಮ್ಯ ಈಗ ಉಳಿದಿಲ್ಲವೆಂಬುದನ್ನೂ ಹೇಳಬೇಕು. ಅಯಸ್ಕಾಂತದ ಪುಟ್ಟ ಸುರುಳಿಗಳಿಂದ, ಗಾಜಿನಂಥ ತೆಳುಪೊರೆಯ ಕೆಪ್ಯಾಸಿಟರುಗಳಿಂದ ಸುದ್ದಿ ದಾಟಿಸುವ ಹೊಸ ಸಾಧನಗಳು ಬಂದಿವೆ. ಅವು ಹೆಚ್ಚು ವೇಗದವು, ದೀಪದಂತೆ ಮಂಕಾಗುವ ಭಯವೂ ಅವಕ್ಕಿಲ್ಲ.

ವೋಲ್ಟೇಜು ಲಕ್ಷ ದಾಟಿದ ಮೇಲೆ ಮಾತ್ರ ಮತ್ತೆ ಬೆಳಕೇ ಗತಿ. ಒಡಿಶಾದ ತಾಲ್ಚೇರಿನಿಂದ ಕೋಲಾರಕ್ಕೆ ೧,೩೦೦ ಕಿಲೋಮೀಟರಿಗೂ ಮಿಕ್ಕಿದ ದೂರವನ್ನು ನೇರ ವಿದ್ಯುತ್ತಿನ ಮಾರ್ಗವೊಂದು 5 ಲಕ್ಷ ವೋಲ್ಟುಗಳಲ್ಲಿ ಕ್ರಮಿಸಿ ಬರುತ್ತದೆ. ೨೦೦೩ರಲ್ಲಿ ಅದು ಚಾಲ್ತಿಗೆ ಬಂತು. ಕೋಲಾರದ ಕೇಂದ್ರದಲ್ಲಿ ಅದನ್ನು ಪರಿವರ್ತಿಸುವ ಥೈರಿಸ್ಟರುಗಳು ಒಂದಕ್ಕೊಂದು ಸರಪಳಿಯಾಗಿ ನಿಂತಿವೆ, ಪ್ರತಿಯೊಂದೂ ನೆಲದಿಂದ ಬೇರೆ ಬೇರೆ ವೋಲ್ಟೇಜಿನ ಎತ್ತರದಲ್ಲಿ. ಅಲ್ಲಿಗೆ ತಾಮ್ರದ ಎಳೆಯೊಂದನ್ನು ಒಯ್ಯುವಂತಿಲ್ಲ. ‘ಈಗ ಹೊತ್ತಿಕೋ’ ಎಂಬ ಆಜ್ಞೆ ಕೂದಲಿನಂಥ ಗಾಜಿನ ಎಳೆಗಳ ಮೂಲಕ ಬೆಳಕಾಗಿ ಏರಿಹೋಗುತ್ತದೆ. ಚಾರ್ಜರಿನ ಆಪ್ಟೋದಲ್ಲಿ ಮಿಲಿಮೀಟರಿಗಿಂತ ಕಡಿಮೆಯಾಗಿದ್ದ ಆ ನಡುವಣ ಬಯಲು ಇಲ್ಲಿ ಮೀಟರುಗಳಷ್ಟು ಬೆಳೆದಿದೆ, ತತ್ತ್ವ ಅದೇ.

ದೀಪ ಮಂಕಾದಾಗ

ಆಪ್ಟೋವಿಗೂ ಮುಪ್ಪುಂಟು. ವರ್ಷಗಟ್ಟಲೆ ಹೊತ್ತಿದ ದೀಪ ನಿಧಾನವಾಗಿ ಮಂಕಾಗುತ್ತದೆ, ಬಿಸಿ ಹೆಚ್ಚಿದ್ದರೆ ಬೇಗನೆ. ಬೇಸಗೆಯ ಬಿಸಿಲಿನಲ್ಲಿ ತಗಡಿನ ಪೆಟ್ಟಿಗೆಯೊಳಗೆ ಇರುವ ಆಪ್ಟೋವಿನ ಪಾಡನ್ನು ಊಹಿಸಬಹುದು. ಸ್ಟಾರ್ಟರಿನಲ್ಲಿ ದೀಪ ಮಂಕಾದರೆ ಇರುವ ಫೇಸನ್ನು ಇಲ್ಲವೆಂದು ತಿಳಿದು ಮೋಟಾರು ಸುಮ್ಮಸುಮ್ಮನೆ ನಿಲ್ಲುತ್ತದೆ, ಅಷ್ಟೆ. ವಿದ್ಯುತ್ ಪೂರೈಸುವ ಅಡಾಪ್ಟರುಗಳಲ್ಲಿ ಮಂಕಾದರೆ ಕಷ್ಟ ಹೆಚ್ಚು: ವೋಲ್ಟೇಜು ಏರಿದ ವರದಿ ಸರಿಯಾಗಿ ಮುಟ್ಟುವುದಿಲ್ಲ, ಐದಕ್ಕೆ ಆರೋ ಏಳೋ ಹೊರಬಂದು ಕೂಡಿಸಿದ ಯಂತ್ರವನ್ನು ಕೊಲ್ಲಬಹುದು. ಪೆಟ್ಟಿಗೆಯನ್ನು ಮರದ ನೆರಳಿನಲ್ಲೋ ಚಪ್ಪರದಡಿಯಲ್ಲೋ ಇಡುವುದು ಖರ್ಚಿಲ್ಲದ ಔಷಧ.

ಮುಪ್ಪಿಗಿಂತ ಹೆಚ್ಚು ಹಾನಿ ಆಗುವುದು ಅವಸರದ ರಿಪೇರಿಯಿಂದ. ಆಪ್ಟೋವಿನ ಎರಡು ಬದಿಗಳಿಗೂ ಬೇರೆ ಬೇರೆ ವಿದ್ಯುತ್ ಮೂಲ, ಬೇರೆ ಬೇರೆ ‘ಗ್ರೌಂಡ್’ ಇರತಕ್ಕದ್ದು. ನಾವು ಬಲ್ಲ ಒಂದು ತೋಟದ ಸ್ಟಾರ್ಟರಿನಲ್ಲಿ ಒಂದು ಬದಿಯ ಚಿಕ್ಕ ವಿದ್ಯುತ್ ಮೂಲ ಕೆಟ್ಟಿತ್ತು. ರಿಪೇರಿಗೆ ಬಂದವರು ಬಿಡಿಭಾಗ ಸಿಕ್ಕದೆ, ಗೇಣುದ್ದದ ತಂತಿಯೊಂದರಿಂದ ಎರಡು ಗ್ರೌಂಡುಗಳನ್ನೂ ಬೆಸುಗೆ ಹಾಕಿ, ಒಂದೇ ಮೂಲದಿಂದ ಎರಡಕ್ಕೂ ಉಣಿಸಿಬಿಟ್ಟರು. ಯಂತ್ರ ಆಗಲೇ ನಡೆಯತೊಡಗಿತು; ಮನೆಯವರು ಕೈಯಾರೆ ಕಾಫಿ ಕೊಟ್ಟು ಕಳುಹಿಸಿದರು. ಮುಂಗಾರಿನ ಮೊದಲ ಗುಡುಗಿನ ಸಂಜೆ ಫೋನಿನ ಭಾಗ, ಗಣಕದ ಭಾಗ, ಎಲ್ಲವೂ ಒಟ್ಟಿಗೆ ಸುಟ್ಟುಹೋದುವು. ಬಿಚ್ಚಿ ಪರೀಕ್ಷಿಸಿದಾಗ ಮೂರು ಆಪ್ಟೋಗಳೂ ಸರಿಯಾಗಿಯೇ ಇದ್ದುವು. ವಿದ್ಯುತ್ತು ಅವನ್ನು ಮುಟ್ಟದೆ ಪಕ್ಕದ ತಂತಿಯಲ್ಲಿ ಸಾಗಿತ್ತು.

ರಿಪೇರಿಯಾದ ಯಂತ್ರವನ್ನು ಮನೆಗೆ ತರುವ ಮೊದಲು ಅಂಗಡಿಯವರಿಂದ ಒಂದು ಪರೀಕ್ಷೆ ಮಾಡಿಸಿಕೊಳ್ಳಬಹುದು. ಪ್ಲಗ್ಗನ್ನು ಪೂರ್ತಿಯಾಗಿ ಕಿತ್ತು, ಎರಡು ಬದಿಗಳ ಗ್ರೌಂಡುಗಳ ನಡುವೆ ಮಲ್ಟಿಮೀಟರಿನ ಎರಡು ಕಡ್ಡಿಗಳನ್ನು ಇಟ್ಟರೆ ಮೀಟರು ಕೂಗಬಾರದು. ಕೂಗಿದರೆ ಆ ತಂತಿಯನ್ನು ಹುಡುಕಿ ತೆಗೆಸಿ, ಸರಿಯಾದ ಬಿಡಿಭಾಗ ಬರುವ ತನಕ ಯಂತ್ರವನ್ನು ಅಲ್ಲಿಯೇ ಬಿಟ್ಟುಬರಬೇಕು.